ಉಪ್ಪು ತಿಂದ ಕಾರು

ಊರಿನ ಹೆಸರೇ ಲೀಕ್. ನಗಬೇಡಿ.
ಸ್ಟಾಫರ್ಡ್‌ಶೈರಿನ ಗುಡ್ಡದಂಚಿಗೆ, ಹಳೆಯ ರೇಷ್ಮೆ ಮಿಲ್ಲುಗಳ
ಇಟ್ಟಿಗೆ ಗೋಡೆಗಳನ್ನು ಉಳಿಸಿಕೊಂಡು ಕೂತಿದೆ.
ನನ್ನ ಕಾರಿನ ಹಿಂದಿನ ಎಡ ಶಾಕ್ ಅಬ್ಸಾರ್ಬರ್ ಕೂಡ
ಊರಿಗೆ ತಕ್ಕ ಹಾಗೇ ನಡೆದುಕೊಂಡಿತ್ತು:
ಮೈತುಂಬ ಎಣ್ಣೆ, ಎಣ್ಣೆಗೆ ಮೆತ್ತಿದ ಧೂಳು,
ಒಂದು ಗುಂಡಿಗೆ ನಾಲ್ಕು ಸಲ ತಲೆಯಾಡಿಸುವ ಚಾಳಿ.

ತೊಂಬತ್ತಮೂರರ ಮಾಜ್ದಾ, ಕೆಂಪು, ಎರಡೇ ಸೀಟು.
ಅಕ್ಕನಿಗೆ ಫೋನಿನಲ್ಲಿ ಹೇಳಿದೆ: ಕಾಯಿಲೋವರ್ ತರಿಸಿದ್ದೇನೆ.
"ಕಾಯಿಲೆಯಾ? ಯಾರಿಗೆ?"
ಕಾರಿಗೆ ಕಣೇ.
"ಓವರ್ ಅಂದರೆ ಮುಗೀತು ತಾನೆ, ಸದ್ಯ."
ಎಷ್ಟಾಯಿತು ಅಂತ ಕೇಳಿದಾಗ
ಲೈನು ಸರಿಯಿಲ್ಲ ಅಂದೆ.

ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು.
ಮೂವತ್ತು ಚಳಿಗಾಲ
ಕೌನ್ಸಿಲ್ ಲಾರಿ ರಸ್ತೆಗೆ ಎರಚಿದ ಉಪ್ಪು ತಿಂದು
ಕೆಳಗಿನ ಆ ಉದ್ದ ಬೋಲ್ಟು ಕುಡಿದು ಕುಡಿದು
ಬುಷ್ಷಿನೊಳಗೇ ಬೇರು ಬಿಟ್ಟಿತ್ತು.
ಶುಕ್ರವಾರ ರಾತ್ರಿ ಎಣ್ಣೆ ಹೊಡೆದೆ, ಶನಿವಾರ ಬೆಳಿಗ್ಗೆ ಮತ್ತೆ.
ಸ್ಪ್ಯಾನರಿಗೆ ಪೈಪು ತೊಡಿಸಿ ಜೋತುಬಿದ್ದೆ.
ಆಸ್ಪತ್ರೆಯಲ್ಲಿ ದಿನವಿಡೀ ಮೊಣಕಾಲಿನ ಎಕ್ಸ್‌ರೇ ತೆಗೆಯುವವಳು ನಾನು,
ಎಲ್ಲಿ ಸವೆದಿದೆ ಅಂತ ತೋರಿಸಬಲ್ಲೆ.
ಬಿಚ್ಚುವುದು ಬೇರೆ ವಿದ್ಯೆ.

"ಏನು ಡಕ್, ಅದು ಯಾವ ಭಾಷೆಯ ಬೈಗುಳ?"
ಬೇಲಿಯಾಚೆ ಬೆರಿಲ್ ಟಾಮ್‌ಕಿನ್ಸನ್.
ಈ ಸೀಮೆಯಲ್ಲಿ ಅಕ್ಕರೆ ಹುಟ್ಟಿದರೆ ಎಲ್ಲರೂ ಬಾತುಕೋಳಿಗಳೇ.
ವಯಸ್ಸು ಎಪ್ಪತ್ತಾರು, ಮಿಲ್ಲು ಮುಚ್ಚುವವರೆಗೂ ಮಗ್ಗ ರಿಪೇರಿ,
ಕೈಯಲ್ಲಿ ಈಗ ಬ್ಲೋಲ್ಯಾಂಪು.
"ಅದು ಹಟ ಹಿಡಿದಿಲ್ಲ, ಅದಕ್ಕೆ ಚಳಿ," ಅಂದರು.
ನೀಲಿ ಉರಿ, ಸುಟ್ಟ ರಬ್ಬರಿನ ವಾಸನೆ.
ಟಕ್ ಅಂದಿತು.
ಮುರಿಯಿತು ಅಂದುಕೊಂಡೆ. ತಿರುಗಿತ್ತು.

ಹೊಸದರ ಮೈಗೆ ಮೇಲಿನಿಂದ ಕೆಳಗೆ ಮರೆ,
ನೇರಳೆ ಬಣ್ಣದ ಉಂಗುರ, ಒತ್ತಾದ ಸುರುಳಿ,
ತಲೆಯ ಮೇಲೆ ತಿರುಗಿಸಿದರೆ ಕ್ಲಿಕ್, ಕ್ಲಿಕ್.
ಬೆರಿಲ್ ಅದನ್ನು ಒಮ್ಮೆ ಒತ್ತಿ ನೋಡಿ ಹೇಳಿದರು:
ಲಾಳಿ ಹೊಡೆಯೋದು ಯಾರಿಗೂ ಬರುತ್ತೆ.
ಆ ತುದಿಯಲ್ಲಿ ಹಿಡಿಯೋದು ನೋಡು,
ಹಿಡಿದದ್ದು ಲಾಳಿಗೇ ಗೊತ್ತಾಗಬಾರದು.

ಕಾರು ನೆಲಕ್ಕೆ ಕೂತು, ಒಳಗೆ ನನ್ನ ಭಾರವೂ ಕೂತು,
ಆಮೇಲೆ ಕೊನೆಯ ಬೋಲ್ಟುಗಳನ್ನು ಬಿಗಿಯಬೇಕಂತೆ.
ನಾನಂತೂ ಕಾರಿನಡಿ ಇರಬೇಕು.
"ತೂಕ ಎಷ್ಟು?"
ಇಪ್ಪತ್ತು ಕೇಜಿಯ ಸೋನಾ ಮಸೂರಿ ಎರಡು ಚೀಲ ಇಟ್ಟೆ,
ರಾಗಿ ಹಿಟ್ಟು ಹತ್ತು, ತೊಗರಿಬೇಳೆ ಐದು.
"ನಿಜ ಹೇಳು ಡಕ್."
ಇನ್ನೂ ಹತ್ತು ಕೇಜಿ ಆಲೂಗಡ್ಡೆ ತಂದೆ.
ಸೀಟಿನಲ್ಲಿ ದಿನಸಿ ಕೂತಿತು, ಬೆಲ್ಟನ್ನೂ ಹಾಕಿದೆವು.

ಭಾನುವಾರ. ಎಷ್ಟು ಇಳಿಸಬಹುದೋ ಅಷ್ಟೂ ಇಳಿಸಿದ್ದೆ,
ಟೈರಿಗೂ ಕಮಾನಿಗೂ ನಡುವೆ ಒಂದು ಬೆರಳು ಹೋಗದಷ್ಟು.
ಎಂಥಾ ಠೀವಿ!
ಶಾಲೆಯ ಮುಂದಿನ ಹಂಪಿನವರೆಗೆ.
ಹೊಟ್ಟೆ ಕೆರೆದ ಆ ಸದ್ದಿಗೆ ಇಡೀ ಬೀದಿಯ ಪರದೆಗಳು ಸರಿದವು,
ಸೈಕಲ್ಲಿನ ಹುಡುಗನೊಬ್ಬ ಚಪ್ಪಾಳೆ ತಟ್ಟಿದ.
ಹಿಂದಿರುಗಿ, ಮತ್ತೆ ಜ್ಯಾಕು, ಮತ್ತೆ ಸ್ಪ್ಯಾನರು:
ಹನ್ನೆರಡು ಸುತ್ತು ಮೇಲಕ್ಕೆ.
ಕಲ್ಲಿನಂತೆ ಗಟ್ಟಿ ಮಾಡಿದ್ದ ಡ್ಯಾಂಪರುಗಳನ್ನೂ
ಹಲ್ಲು ಕಟಗುಟ್ಟದಷ್ಟು ಸಡಿಲಿಸಿದೆ.
ಎಷ್ಟು ಕ್ಲಿಕ್ಕು ಅಂತ ಬೆರಿಲ್ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಂಜೆ ಬಕ್ಸ್‌ಟನ್ ಕಡೆಯ ಗುಡ್ಡದ ದಾರಿ.
ಕಲ್ಲುಗೋಡೆ, ಕುರಿ, ದನ ದಾಟದ ಕಬ್ಬಿಣದ ಜಾಲರಿ.
ನಾನು ಸ್ಟೀರಿಂಗಿಗೆ ಮೈಯೆಲ್ಲ ಕಿವಿಯಾಗಿ ಕೂತಿದ್ದೆ.
"ಕಾರನ್ನು ಬಿಡು," ಅಂದರು ಬೆರಿಲ್, "ಹಿಂದೆ ಕೇಳು."
ಸೀಟಿನ ಬೆನ್ನಿಗೆ ಮರೆತುಹೋಗಿದ್ದ ಬೇಳೆಯ ಚೀಲ ಒಡೆದಿತ್ತು.
ಎಡ ತಿರುವಿಗೆ ಬೇಳೆ ಸರ್ರನೆ ಬಲಕ್ಕೆ,
ಬಲ ತಿರುವಿಗೆ ಸರ್ರನೆ ಎಡಕ್ಕೆ.
ಜಾಲರಿ ಬಂತು, ಗಡಗಡ ಚಕ್ರದಡಿ ಹಾದುಹೋಯಿತು.
ಬೇಳೆ ಇದ್ದಲ್ಲೇ ಇತ್ತು.