ಹತ್ತು ದಿನ ಬಾಣಲೆಗೆ ಕೈ ಹಾಕಬೇಡ

ಶಾಕಿರಾ, ಮೊದಲನೇ ಮಾತು:
ಇವತ್ತಿನಿಂದಲೇ ಬಾಣಲೆಗೆ ಕೈ ಹಾಕಬೇಡ.
ಸೂಜಿ ಹಾಕಿಸಿಕೊಂಡ ಮೇಲೆ ಹತ್ತು ದಿನ ಕಾಯಬೇಕಲ್ಲ,
ಆ ಹತ್ತೂ ದಿನ ಕುದಿನೀರಿಗೆ ದೂರ ಇರು,
ರಾತ್ರಿ ಬೆರಳಿಗೆ ಕೊಬ್ಬರಿಎಣ್ಣೆ ತಿಕ್ಕು.
ಯಾಕೆ ಅಂತ ಆಮೇಲೆ ಹೇಳ್ತೀನಿ.

ಹಳದಿ ಕಾರ್ಡು ಪಾಸ್‌ಪೋರ್ಟಿನ ಹೊಟ್ಟೆಯಲ್ಲೇ ಇರಲಿ.
ಹೋಗುವಾಗ ಯಾರೂ ಕೇಳಲಿಕ್ಕಿಲ್ಲ.
ಬರುವಾಗ ನಮ್ಮವರೇ ಕೇಳ್ತಾರೆ,
ಇಲ್ಲ ಅಂದರೆ ಬಾಗಿಲಲ್ಲೇ ಆರು ದಿನ ಕೂಡಿಹಾಕ್ತಾರೆ.

ಡಾಲರನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಬೇಡ,
ಅದು ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಅಭ್ಯಾಸ.
ಮಡಿಕೆ ಬಿದ್ದದ್ದು, ಹಳೇ ಇಸವಿಯದ್ದು
ದುಡ್ಡು ಬದಲಿಸುವ ಹುಡುಗ ಎರಡೇ ಬೆರಳಲ್ಲಿ ವಾಪಸ್ಸು ತಳ್ಳಿದ,
ನಾವು ಸುಣ್ಣಕಟ್ಟಿನ ಗೂಡು ತಳ್ಳುವ ಹಾಗೆ.

ಪ್ಲಾಸ್ಟಿಕ್ ಕವರ್ ಒಂದೂ ಬೇಡ, ದಂಡ ಹಾಕ್ತಾರೆ.
ಉಪ್ಪಿನಕಾಯಿ ಡಬ್ಬಿಗೆ ಹಳೇ ದುಪಟ್ಟಾ ಸುತ್ತು.

ಗಡಿಯಾರದ್ದು ಎರಡು ಸಲ ಓದು.
ನಮಗಿಂತ ಎರಡೂವರೆ ಗಂಟೆ ಹಿಂದೆ, ಅದೇನೋ ಸುಲಭ.
ಅವರ ಭಾಷೆಯಲ್ಲಿ ಬೆಳಿಗ್ಗೆ ಏಳು ಅಂದರೆ ಒಂದು ಗಂಟೆ,
ಹೊತ್ತು ಹುಟ್ಟಿದ ಮೇಲೆಯೇ ಅವರ ಎಣಿಕೆ ಶುರು.
ಒಂದು ಗಂಟೆಗೆ ವ್ಯಾನು ಅಂದಿದ್ದರು.
ಊಟ ಮುಗಿಸಿ, ತಲೆ ಬಾಚಿ ಗೇಟಿಗೆ ಬಂದರೆ
ವ್ಯಾನು ಹೋಗಿ ಆರು ಗಂಟೆ ಆಗಿತ್ತು.
ನಮ್ಮಜ್ಜಿಗಾದರೆ ತಟ್ಟಂತ ತಿಳೀತಿತ್ತು.
ಹೊತ್ತು ಮಾರುದ್ದ ಏರಿತಾ, ಇಲ್ಲವಾ,
ಅಷ್ಟೇ ಅವಳ ಗಡಿಯಾರ.

ಈಗ ಬೆರಳು.
ನೈರೋಬಿಯಲ್ಲಿ ಇಳಿದ ಕೂಡಲೇ
ಗಾಜಿನ ಮೇಲೆ ನಾಲ್ಕೂ ಇಡು ಅಂದಳು ಒಬ್ಬಳು.
ಇಟ್ಟೆ. ಒರೆಸಿ ಇಡು. ಒರೆಸಿದೆ.
ಯಂತ್ರ ಕೀಂ ಅಂತು, ನಮ್ಮ ರೇಷನ್ ಅಂಗಡಿಯದ್ದೇ ದನಿ.
ಹದಿನೆಂಟು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳು,
ಒಂದು ಗೆರೆ ಉಳಿದಿದ್ದರೆ ಕೇಳು.
ಹಿಂದೆ ಸಾಲು ಗೊಣಗುತ್ತಿತ್ತು.
ಇಂಗ್ಲಿಷು ಬಾಯಿಗೆ ಬರಲಿಲ್ಲ,
ಗಾಳಿಯಲ್ಲೇ ಚರಕ ತಿರುಗಿಸಿ ತೋರಿಸಿದೆ,
ಚೀಲದಿಂದ ಒಂದು ಲಡಿ ತೆಗೆದು ಅವಳ ಮುಂದಿಟ್ಟೆ.
ಅವಳು ಲಡಿ ಮುಟ್ಟಲಿಲ್ಲ.
ನನ್ನ ಕೈ ಮಗುಚಿ, ಹೆಬ್ಬೆರಳಿಂದ ತುದಿಗಳನ್ನು ಸವರಿ
"ಪೋಲೆ" ಅಂದಳು, ಮೊಹರು ಒತ್ತಿದಳು.

ಪೋಲಿ ಅಂದಳು ಅಂತ
ನಾನು ಮುಖ ಗಂಟಿಕ್ಕಿಕೊಂಡೇ ಆ ದೇಶದೊಳಗೆ ಹೋದೆ.
ವಾರ ಕಳೆದ ಮೇಲೆ, ಚಹಾ ಚೆಲ್ಲಿಕೊಂಡಾಗ,
ನೂಲು ಬಿಚ್ಚೋದು ಕಲಿಯಲು ಬಂದಿದ್ದ ವಾಂಜಿರು ಹೇಳಿದಳು:
ಅಯ್ಯೋ ಪಾಪ ಅಂತ ಅಷ್ಟೇ, ಅಕ್ಕಾ,
ತಪ್ಪು ನಮ್ಮದಲ್ಲದಿದ್ದರೂ ಅಂತೀವಿ.

ನಿನ್ನದಿನ್ನೂ ನಾಲ್ಕು ವರ್ಷದ ಬೆರಳು,
ಹತ್ತು ದಿನದಲ್ಲಿ ಗೆರೆ ಮೂಡಿದರೂ ಮೂಡೀತು.
ಮೂಡದಿದ್ದರೆ ಲಡಿ ಮೇಲ್ಗಡೆಯೇ ಇರಲಿ.

ಮರೆತಿದ್ದೆ: ಜುಲೈ ಅಂದರೆ ಅಲ್ಲಿ ಚಳಿ,
ನಂದಿಯ ತುದಿಯಲ್ಲಿ ಬೆಳಗಿನ ಐದು ಗಂಟೆಯಂಥದ್ದು,
ನಮ್ಮ ಗಡಿಯಾರದ ಐದು.
ನನ್ನ ಸ್ವೆಟರ್ ತಗೊಂಡು ಹೋಗು.