ಅಲುಗುವ ಕಿಟಕಿ

ನಮ್ಮೂರ ಹೆಸರು ಹಲ್.
ಕನ್ನಡದಲ್ಲಿ ಬರೆದರೆ ಮುರಿದ ಹಲ್ಲು:
ಒತ್ತೂ ಕೊಂಬೂ ಹಂಬರ್ ನದಿಗೆ ಬಿದ್ದುಹೋದಂತೆ.
ಅಲ್ಲಿ, ಮಾರ್ಚಿನ ಒಂದು ಶನಿವಾರ,
ಪಕ್ಕದ ಮನೆಯ ವಿಲ್ಫ್ ಗಾರ್ಬಟ್ ಬಂದು
ನನ್ನ ಅಡುಗೆಮನೆಯ ಮೇಜಿನ ಮೇಲೆ
ಬ್ರೆಡ್ಡಿನ ಚೀಲವೊಂದನ್ನಿಟ್ಟ.
ಒಳಗೆ ಬ್ರೆಡ್ಡಿಲ್ಲ. ಗ್ರಾಫಿಕ್ಸ್ ಕಾರ್ಡು.
ಕಾರಿನ ಡಿಕ್ಕಿ ತೆರೆದು ಮಾರುವ ಸಂತೆಯಲ್ಲಿ
ಒಂಬತ್ತು ಪೌಂಡು; ಚೌಕಾಸಿ ಮಾಡಿ ಏಳು.

"ಶಾಲೆಯ ಲ್ಯಾಬಿನಲ್ಲಿ ಕೆಲಸ ನಿನ್ನದು,
ಸ್ಕ್ರೂ ತಿರುಗಿಸಲು ಬರುತ್ತದಲ್ಲ" ಎಂದ.
ಮೊಮ್ಮಗಳು ಎಫಿಯ ಕಂಪ್ಯೂಟರಿನಲ್ಲಿ
ಕಿಟಕಿಗಳು ಹಿಡಿದೆಳೆದರೆ ಬಳುಕುತ್ತವಂತೆ,
ಬೇಡವೆಂದು ಮುಚ್ಚಿದರೆ ಹೊತ್ತಿ ಉರಿದು
ಬೂದಿಯಾಗಿ ಹಾರುತ್ತವಂತೆ.
ತನ್ನದರಲ್ಲಿ ಎಲ್ಲ ಹಲಗೆ.

ನಲವತ್ತೊಂದು ವರ್ಷ ಗಾಜು ಕೂರಿಸಿದವನು ವಿಲ್ಫ್.
ಈ ಬೀದಿಯ ಅರ್ಧ ಕಿಟಕಿಗಳ ಅಂಚಿನಲ್ಲಿ,
ಕಲ್ಲಾದ ಪುಟ್ಟಿಯಲ್ಲಿ, ಅವನ ಹೆಬ್ಬೆರಳ ಗುರುತು.
ಕಡಲ ಗಾಳಿಗೆ ಒಂದೇ ಒಂದು ಗಾಜು
ಗಡಗಡಿಸಿದರೂ ನಿದ್ದೆ ಬಾರದವನು
ಈಗ ಅಲುಗುವ ಕಿಟಕಿ ಕೇಳುತ್ತಿದ್ದಾನೆ.
ನಾನು ಏನೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ.

ಅವನ ಮುಂಕೋಣೆಯಲ್ಲಿ ಡಬ್ಬಿ ಬಿಚ್ಚಿದರೆ
ಒಂಬತ್ತು ವರ್ಷದ ಧೂಳು, ಕಂಬಳಿ ನೇಯುವಷ್ಟು.
ಫ್ಯಾನಿನ ರೆಕ್ಕೆಗೆ ಸುತ್ತಿದ ಕಂದು ಕೂದಲು.
ಬೆಕ್ಕು ಸತ್ತು ನಾಲ್ಕು ವರ್ಷ.
ಅದನ್ನು ಮಾತ್ರ ಬೇರೆಯಾಗಿ ಬಿಡಿಸಿ
ಬಸ್ ಟಿಕೆಟ್ಟಿನಲ್ಲಿ ಮಡಿಸಿ ಜೇಬಿಗಿಟ್ಟುಕೊಂಡ.

ಹಳೆಯ ಕಾರ್ಡು ಹೊರಬರುವಾಗ ನರಳಿತು.
ಹೊಸತರ ಅಂಚಿಗೆ ಹೊನ್ನ ಹಲ್ಲಿನ ಸಾಲು.
"ನಿಮ್ಮೂರ ಹೆಸರಿಗೆ ನಮ್ಮಲ್ಲಿ ಇದೇ ಅರ್ಥ" ಎಂದು ತೋರಿಸಿದೆ.
ತನ್ನ ಕಟ್ಟಿಸಿದ ಹಲ್ಲು ಬಿಟ್ಟು ನಕ್ಕ.

ಪರದೆ ಕಪ್ಪು. ಮೂರು ಬೀಪು.
ಮತ್ತೆ ಕಪ್ಪು. ಮತ್ತೆ ಮೂರು.
"ಕೂತಿಲ್ಲ ಅದು," ಸದ್ದು ಕೇಳಿಯೇ ಅಂದ,
"ಒಂದು ಮೂಲೆ ಎದ್ದಿದೆ. ಗಾಜಾದರೂ ಅಷ್ಟೇ,
ತಳ್ಳಬಾರದು, ಒರಗಬೇಕು."
ಹೆಬ್ಬೆರಳಿಟ್ಟು ಒರಗಿದ.
ಟಕ್.

ಆಮೇಲೆ ಡ್ರೈವರು, ರೀಸ್ಟಾರ್ಟು, ಮತ್ತೆ ಡ್ರೈವರು,
ನಾಲ್ಕು ಲೋಟ ಚಹಾ, ನಾನು ಕನ್ನಡದಲ್ಲಿ ಬೈದದ್ದು,
ಅವನು "ಅದೇನು?" ಎಂದದ್ದು,
ನಾನು "ಪ್ರಾರ್ಥನೆ" ಎಂದದ್ದು.

ಆರೂಕಾಲಿಗೆ ಅಲುಗಿತು.
ಮೂಲೆ ಹಿಡಿದು ಎಳೆದರೆ ಕಿಟಕಿಯ ಉಳಿದ ಮೈ
ತಡವಾಗಿ ಹಿಂಬಾಲಿಸಿ, ಬಂದು, ನಿಲ್ಲಲಾರದೆ
ತಟ್ಟೆಗೆ ಹುಯ್ದ ಹಾಲುಬಾಯಿಯಂತೆ ತುಳುಕಾಡಿತು.
ಫ್ಯಾನು ಮಾತ್ರ ಹಿಟ್ಟಿನ ಗಿರಣಿ.

ವಿಲ್ಫ್ ಬಹಳ ಹೊತ್ತು ಮಾತಾಡಲಿಲ್ಲ.
"ಬಾ" ಎಂದು ಮೆಟ್ಟಿಲ ತಿರುವಿಗೆ ಕರೆದೊಯ್ದ.
ಅಲ್ಲೊಂದು ಮೊರದಗಲದ ಗಾಜು,
ಉಸಿರಿನಿಂದ ಊದಿ ಮಾಡಿದ್ದು, ಮನೆಯಷ್ಟೇ ಹಳತು.
ಬೀದಿಗೆಲ್ಲ ಹೊಸ ಗಾಜು ತೊಡಿಸಿದವನು
ಇದೊಂದನ್ನು ಮುಟ್ಟಿರಲಿಲ್ಲ.
"ತಲೆ ಆಡಿಸು."
ಆಡಿಸಿದೆ. ಎದುರಿನ ಚಿಮಣಿ ಬಳುಕಿತು,
ದೀಪದ ಕಂಬ ಸೊಂಟ ತಿರುವಿ ಮತ್ತೆ ನೆಟ್ಟಗಾಯಿತು,
ಮಿಸೆಸ್ ಆಕ್ಸ್‌ಟೋಬಿಯ ತಳ್ಳುಬಂಡಿ
ಎರಡಾಗಿ, ಒಂದಾಗಿ, ಮೂಲೆ ತಿರುಗಿತು.
"ಇದಕ್ಕೆ ಕರೆಂಟು ಬೇಡ" ಎಂದ.
ಬೇಸರವೋ ಹೆಮ್ಮೆಯೋ. ಯಾರ್ಕ್‌ಷೈರಿನ ಗಂಟಲಲ್ಲಿ
ಅವೆರಡನ್ನು ಬೇರೆ ಮಾಡಲು
ಹದಿನಾರು ವರ್ಷವಾದರೂ ನನಗೆ ಬಂದಿಲ್ಲ.

ಕೆಳಗಿಳಿದು, ಕೌನ್ಸಿಲ್ಲಿಗೆ ಬರೆಯುತ್ತಿದ್ದ ಪತ್ರ ತೆರೆದ:
ಕಸದ ಡಬ್ಬಿ ಮೂರು ವಾರದಿಂದ ಎತ್ತಿಲ್ಲ,
ಇದು ನಾಚಿಕೆಗೇಡು, ಇತ್ಯಾದಿ.
ಮೂಲೆ ಹಿಡಿದು ಅಲ್ಲಾಡಿಸಿದ.
ನಾಚಿಕೆಗೇಡು ಹೊಟ್ಟೆ ಹಿಡಿದುಕೊಂಡು ನಕ್ಕಿತು.
ಇನ್ನೊಮ್ಮೆ ಅಲ್ಲಾಡಿಸಿದ.

ಏಳು ಪೌಂಡಿಗೆ ಮೋಸವಿಲ್ಲ, ಎಂದ.