ನಿರ್ದೋಷ ಸಂಚಾರ

ಎಡಗಡೆ ಒಂದೂವರೆ ಇಂಚು ಬಿಡಬೇಕು, ಬೈಂಡಿಂಗಿಗೆ.
ಉಳಿದ ಮೂರು ಕಡೆ ಒಂದೊಂದು.
ಇಷ್ಟು ಮಾತ್ರ ನನಗೆ ಖಚಿತವಾಗಿ ಗೊತ್ತು
ಜೂನ್ ಮುಗಿಯುತ್ತ ಬಂದ ಈ ರಾತ್ರಿ,
ಕೋಡಿಬಾಗದ ಬಾಡಿಗೆ ಮನೆಯಲ್ಲಿ,
ಕವುಚಿಟ್ಟ ಮೀನಿನ ಬುಟ್ಟಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು.

ವಿಷಯ: ಹಿಂದೂ ಮಹಾಸಾಗರದ ಸಣ್ಣ ರಾಷ್ಟ್ರಗಳು
ಮತ್ತು ಕಡಲ ಸಾರ್ವಭೌಮತ್ವ.
ಆ ರಾಷ್ಟ್ರಗಳಲ್ಲಿ ಒಂದನ್ನೂ ನಾನು ನೋಡಿಲ್ಲ.
ಧಾರವಾಡ ನೋಡಿದ್ದೇನೆ; ಅಲ್ಲಿ ಸಮುದ್ರ ಇರುವುದು
ಗ್ರಂಥಾಲಯದ ಎರಡನೇ ಮಹಡಿಯಲ್ಲಿ,
ಮುನ್ನೂರ ನಲವತ್ತೊಂದನೇ ನಂಬರಿನ ಕಪಾಟಿನಲ್ಲಿ.

ಮೂರನೇ ಅಧ್ಯಾಯ ಒಂದು ಶಬ್ದದ ಹತ್ತಿರ ನಿಂತುಬಿಟ್ಟಿದೆ.
ಪರದೇಶದ ಹಡಗು ನಮ್ಮ ಹನ್ನೆರಡು ಮೈಲಿಯೊಳಗೆ
ಸುಮ್ಮನೆ ಹಾದುಹೋದರೆ ಅದು ನಿರ್ದೋಷ
ಎನ್ನುತ್ತದೆ ಕಾನೂನು. ತೋಪು ಹೊತ್ತ ಹಡಗೂ.
ಆದರೆ ಹೋಗುತ್ತ ಹೋಗುತ್ತ ಒಂದು ಗಾಳ ಇಳಿಬಿಟ್ಟು
ಮೀನು ಹಿಡಿದರೋ,
ದೋಷ.
ಅಮ್ಮನಿಗೆ ಓದಿ ಹೇಳಿದೆ.
ಒಣ ಬಂಗುಡೆಯ ಉಪ್ಪು ಕೊಡವುತ್ತಿದ್ದವಳು
ತಲೆ ಎತ್ತದೆ ಕೇಳಿದಳು:
“ಬರೆದವರು ಯಾರು, ಊಟ ಆದವರಾ?”

ಯರಗಟ್ಟಿ ಸರ್ ಕೆಂಪು ಶಾಯಿಯಲ್ಲಿ: ಥಿಯರಿ ಎಲ್ಲಿ?
ಕೆಳಗೆ, ಸ್ವಲ್ಪ ಕನಿಕರದಿಂದ:
‘ಮೀನಿಗೆ ಗಡಿಯಿಲ್ಲ’ ಎಂಬ ವಾಕ್ಯ ತೆಗೆ.
ಎಲ್ಲರೂ ಬರೆಯುತ್ತಾರೆ.

ಮಾವನನ್ನು ಕೇಳಲು ಬೈತಖೋಲಕ್ಕೆ ಹೋದೆ.
ದೋಣಿಗಳಿಗೆ ರಜೆ, ನೀಲಿ ತಾಡಪಾಲು ಹೊದ್ದು ಮಲಗಿದ್ದವು.
ಪಾಂಡು ತಾಂಡೇಲ, ಮೂವತ್ತೆಂಟು ವರ್ಷ ಚುಕ್ಕಾಣಿ ಹಿಡಿದವನು,
ಗೋವೆಯ ಗೀಟು ದಾಟಿದ್ದಕ್ಕೆ ಎರಡು ಸಲ ದಂಡ ತೆತ್ತವನು,
ಬಲೆಯ ಹರುಕಿಗೆ ದಾರ ಹಾಕುತ್ತ ನಕ್ಕ.
“ಗಡಿಯಿಲ್ಲ ಅಂತ ಯಾರು ಹೇಳಿದ್ದು?
ಕಾಳಿಯ ಸಿಹಿನೀರು ಎಲ್ಲಿಗೆ ಮುಗೀತದೆ ಅಂತ ಬಂಗುಡೆಗೆ ಗೊತ್ತು.
ಕೆಂಪು ನೀರು ಇಳಿದರೆ ಒಂದು ಮಾರು ಈಚೆ ಬರೂದಿಲ್ಲ.
ಲೆಪ್ಪೆ ಮರಳು ಬಿಟ್ಟು ಕಲ್ಲಿಗೆ ಹೋಗೂದಿಲ್ಲ.
ಗಡಿ ಇರೂದು ಅವಕ್ಕೇ.
ನಮಗೆ ಇರೂದು ಮಷಿನ್ನಿನ ಮೇಲೊಂದು ಗೀಟು,
ಬ್ಯಾಟರಿ ಹೋದರೆ ಅದೂ ಇಲ್ಲ.”

ಅವನು ಹೇಳಿದ್ದು ಕೊಂಕಣಿಯಲ್ಲಿ,
ನಾನು ಗೀಚಿಕೊಂಡದ್ದು ಕನ್ನಡದಲ್ಲಿ,
ಟೈಪು ಮಾಡಿದ್ದು ಇಂಗ್ಲಿಷಿನಲ್ಲಿ. ಅಷ್ಟರಲ್ಲಿ
ಕೆಂಪು ನೀರಿನ ಕೆಂಪೆಲ್ಲ ಸೋಸಿಹೋಗಿ
‘ಸೆಡಿಮೆಂಟ್’ ಎಂಬ ಒಂದು ಚಮಚ ಪುಡಿ ತಳದಲ್ಲಿ ಉಳಿದಿತ್ತು.
ನಗುವಿಗೆ ಅಡಿಟಿಪ್ಪಣಿ ಹಾಕುವ ಕ್ರಮ
ಕೈಪಿಡಿಯಲ್ಲಿ ಇಲ್ಲ.

ಅಜ್ಜಿಯ ಸಂಗತಿ ಯಾವ ಅಧ್ಯಾಯಕ್ಕೂ ಸೇರುವುದಿಲ್ಲ.
ಅಪ್ಪನ ತಾಯಿ. ಅವಳ ಊರು ಈಗ ನೌಕಾನೆಲೆಯ ಗೋಡೆಯಾಚೆ.
ವರ್ಷಕ್ಕೊಮ್ಮೆ ಪಾಸು ಮಾಡಿಸಿ ಒಳಗೆ ಹೋಗುತ್ತಾಳೆ,
ಆಧಾರ್ ಕಾರ್ಡು ಸೆರಗಿನ ಗಂಟಿನಲ್ಲಿ.
ಕಳೆದ ಸಲ ಫಾರಂ ತುಂಬಿದವಳು ನಾನು.
ಹೆಸರು: ತುಳಸು ಹರಿಕಾಂತ್ರ.
ಭೇಟಿಯ ಉದ್ದೇಶ:
ಅಧ್ಯಯನದ ಉದ್ದೇಶ ಏಳು ಎಂದು ಬರೆದವಳಿಗೆ
ಇಲ್ಲಿ ಒಂದೂ ಹೊಳೆಯಲಿಲ್ಲ. ದೇವರ ದರ್ಶನ ಅನ್ನಲಾ?
“ಅಲ್ಲ,” ಅಂದಳು, “ಬಾವಿ ನೋಡಲಿಕ್ಕೆ ಅಂತ ಬರಿ.
ನೀರು ಇದೆಯಾ ಇಲ್ಲವಾ ಅಂತ.”
ಕಾಲಂ ಸಣ್ಣದಿತ್ತು. ‘ಬಾವಿ’ ಎಂದಷ್ಟೇ ಬರೆದೆ.
ಗೇಟಿನ ಹುಡುಗ, ಒಡಿಶಾದವನೋ ಬಿಹಾರದವನೋ,
ಆ ಎರಡಕ್ಷರವನ್ನು ಬಹಳ ಹೊತ್ತು ನೋಡಿದ,
ಆಮೇಲೆ ಅಜ್ಜಿಯ ಮುಖ ನೋಡಿ ಬಿಟ್ಟ.
ನನ್ನನ್ನು ಬಿಡಲಿಲ್ಲ. ಪಾಸಿನಲ್ಲಿ ನನ್ನ ಹೆಸರಿರಲಿಲ್ಲ.

ಮೋರಿಯ ಕಟ್ಟೆಯ ಮೇಲೆ ಕೂತು
ಸಾರ್ವಭೌಮತ್ವದ ಹದಿನಾಲ್ಕು ಪುಟ ತಿದ್ದಿದೆ.
ತಿರುಗಿ ಬಂದಾಗ ಅವಳ ಸೆರಗಿನ ತುದಿ ಒದ್ದೆಯಾಗಿತ್ತು.
ನಾನು ಕೇಳಲಿಲ್ಲ.

ಈಗ ಉಳಿದದ್ದು ಗ್ರಂಥಸೂಚಿ, ಅಕ್ಷರಾನುಕ್ರಮದಲ್ಲಿ.
ಲಂಡನ್ನಿನ ಒಬ್ಬರಿಗೂ ಸಿಂಗಪುರದ ಇಬ್ಬರಿಗೂ ನಡುವೆ
ತಾಂಡೇಲ, ಪಿ., ಖುದ್ದು ಸಂದರ್ಶನ, ಬೈತಖೋಲ ಧಕ್ಕೆ.
ಸರ್ ಹೊಡೆದುಹಾಕಬಹುದು. ಬಿಡಲೂಬಹುದು.

ಮೊದಲ ಪುಟದ ಆ ವಾಕ್ಯ ತೆಗೆದೆ.
ಜಾಗ ಖಾಲಿ ಇದೆ. ಕರ್ಸರ್ ಅಲ್ಲಿ
ಬಂದು ಹೋಗಿ ಬಂದು ಹೋಗಿ ಮಾಡುತ್ತಿದೆ,
ಏನನ್ನೂ ಹಿಡಿಯದೆ.